ಕಫೀಲನ ತಾಯಿಗೆ ಕಾವು ಹುಡುಕಿದ್ದು

ನನ್ನ ಗಂಡ ಕುವೈತಿಗೆ ಹೋದದ್ದು ಆ ದೇಶವನ್ನು ತಣ್ಣಗೆ ಮಾಡುವುದಕ್ಕೆ. ಏಸಿ ಇಂಜಿನಿಯರು. ಗದಗಿನಲ್ಲಿ ನನ್ನನ್ನು ನೋಡಲು ಬಂದ ದಿನ ಕೂಡ ಅವರು ಮೊದಲು ನೋಡಿದ್ದು ನಮ್ಮ ಫ್ರಿಜ್ಜನ್ನು. ನಾನು ಉಪ್ಪಿಟ್ಟಿನ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರೆ, ಅವರು ನನ್ನ ಅಪ್ಪನಿಗೆ ಫ್ರಿಜ್ಜಿನ ಬೆನ್ನು ಗೋಡೆಗೆ ತಾಗಬಾರದು, ಗಾಳಿಯಾಡಲು ಜಾಗ ಬಿಡಬೇಕು ಎಂದು ತಿಳಿಸಿ ಹೇಳುತ್ತಿದ್ದರು. ಅಪ್ಪನಿಗೆ ಹುಡುಗ ಹಿಡಿಸಿದ. ಫ್ರಿಜ್ಜನ್ನು ಸರಿಸಿದರು, ನನ್ನನ್ನು ಕೊಟ್ಟರು.

ಇಂಥ ಮನುಷ್ಯನನ್ನು ಒಂದು ದಿನ ಅವರ ಕಫೀಲ್ ಕರೆದು, ತನ್ನ ಹೊಸ ಮನೆಯನ್ನು ಬಿಸಿ ಮಾಡಿಕೊಡಬೇಕು ಎಂದ. ಕಫೀಲ್ ಅಂದರೆ ಕಂಪನಿಯ ಒಡೆಯ, ನಮ್ಮ ವೀಸಾಕ್ಕೆ ಜಾಮೀನು ನಿಂತವನು. ಆತ ಹೇಳಿದ್ದಕ್ಕೆ ಇಲ್ಲ ಎನ್ನುವ ಪದ್ಧತಿ ಇರಲಿಲ್ಲ.

ಕುವೈತಿನಲ್ಲಿ ಮನೆ ಬಿಸಿ ಮಾಡುವುದೇ ಎಂದು ಊರಿನವರು ಈಗಲೂ ನಗುತ್ತಾರೆ. ಜನವರಿಯಲ್ಲಿ ಒಮ್ಮೆ ಬಂದು ನೋಡಬೇಕು. ಉತ್ತರದ ಮರಳುಗಾಡಿನಿಂದ ಬರುವ ಗಾಳಿ ಮೂಳೆಯೊಳಗೆ ಇಳಿಯುತ್ತದೆ. ಅಲ್ಲಿನ ಮನೆಗಳನ್ನು ಕಟ್ಟಿದ್ದೆಲ್ಲ ಬಿಸಿಲನ್ನು ಹೊರಗಿಡುವುದಕ್ಕೆ. ನೆಲಕ್ಕೆ ಕಲ್ಲು, ಎತ್ತರದ ಛಾವಣಿ, ಬಿಸಿಲು ಬೀಳದ ಕಿಟಕಿ. ಮೈದಾನ್ ಹವಲ್ಲಿಯ ನಮ್ಮ ಫ್ಲಾಟಿನಲ್ಲಿ ಚಳಿಗಾಲ ಬಂತೆಂದರೆ ಕಿಟಕಿಯ ಸಂದಿಗೆಲ್ಲ ಹಳೆಯ ಬನಿಯನ್ನು ತುರುಕುತ್ತಿದ್ದೆ. ಮಗಳು ಸ್ಕೂಲಿನ ಸ್ವೆಟರ್ ಹಾಕಿಕೊಂಡೇ ಮಲಗುತ್ತಿದ್ದಳು. ನಮಗೊಂದು ಹೀಟರ್ ತನ್ನಿ ಎಂದರೆ ಇಂಜಿನಿಯರ್ ಸಾಹೇಬರು, ಎರಡು ತಿಂಗಳಿಗೆ ಯಾಕೆ ಎನ್ನುತ್ತಿದ್ದರು.

ಕಫೀಲನ ಹೊಸ ಮನೆ ಎಗೈಲಾದ ಕಡೆ ಏಳುತ್ತಿತ್ತು. ಅದರ ನಕ್ಷೆ ಬರೆದವಳು ಅವನ ಮಗಳು. ಯಾವುದೋ ಹಿಮ ಬೀಳುವ ದೇಶದಲ್ಲಿ ಆರ್ಕಿಟೆಕ್ಚರ್ ಓದಿ ಬಂದಿದ್ದಳು. ಕರೆಂಟು ಪೋಲಾಗದ ಮನೆ ಕಟ್ಟುತ್ತೇನೆ ಎಂದು ಹಟ ಹಿಡಿದಿದ್ದಳು. ಕರೆಂಟನ್ನು ಸರಕಾರವೇ ಬಿಟ್ಟಿಗೆ ಸಮವಾಗಿ ಕೊಡುತ್ತಿದ್ದ, ಹಾಡುಹಗಲಲ್ಲಿ ಕಾಂಪೌಂಡಿನ ದೀಪಗಳು ಉರಿಯುತ್ತಿದ್ದ ದೇಶದಲ್ಲಿ ಈ ಮಾತು ಹೇಳಿದವಳನ್ನು ನೆಂಟರೆಲ್ಲ, ಪಾಪ, ಓದು ತಲೆಗೇರಿದೆ ಎಂಬಂತೆ ನೋಡುತ್ತಿದ್ದರಂತೆ. ಅವಳು ಕೇಳಲಿಲ್ಲ. ಗೋಡೆಗಳ ನಡುವೆ ದಪ್ಪನೆಯ ಫೋಮು, ಕಿಟಕಿಗೆ ಎರಡು ಪದರ ಗಾಜು, ಬಾಗಿಲಿಗೆಲ್ಲ ರಬ್ಬರು. ಮುಚ್ಚಿದರೆ ಸೊಳ್ಳೆಯೂ ನುಸುಳಬಾರದು.

ತಂದೆಗೆ ಮಗಳ ಮೇಲೆ ಪ್ರೀತಿ. ಆದರೆ ಅಷ್ಟು ಹೊತ್ತಿಗೆ ಆತನ ದುಡ್ಡೆಲ್ಲ ಇಟಲಿಯ ಅಮೃತಶಿಲೆ, ಲಿಫ್ಟು ಮತ್ತು ನಡುಮನೆಯಲ್ಲಿ ನೇತಾಡುವ ಒಂದು ಭಾರೀ ದೀಪಗೊಂಚಲಿಗೆ ಹೋಗಿತ್ತು. ಉಳಿತಾಯ ಮಾಡಬೇಕೆಂಬ ಜ್ಞಾನೋದಯ ಆದದ್ದು ಹೀಟಿಂಗಿನ ಸರದಿ ಬಂದಾಗ. "ರಖೀಸ್" ಎಂದನಂತೆ. ಅಗ್ಗ ಇರಬೇಕು.

ಇವರು ಮನೆಗೆ ಬಂದು ಟೀಪಾಯಿಯ ಮೇಲೆ ನಕ್ಷೆ ಹರಡಿ ತಲೆಗೆ ಕೈಹಚ್ಚಿ ಕೂತರು.

"ಮನಿ ಬೆಚ್ಚಗ ಮಾಡೂದಂದ್ರ ಏನ್ರೀ ದೊಡ್ಡ ಮಾತು? ನಿಮ್ಮ ಏಸಿ ತಣ್ಣನ್ ಗಾಳಿ ಒಳಗ ಬಿಡ್ತದ, ಬಿಸಿ ಗಾಳಿ ಹೊರಗ ಬಿಡ್ತದ. ಅದನ್ನ ತಿರುವಿ ಇಟ್ಟುಬಿಡ್ರಿ" ಎಂದೆ, ಚೇಷ್ಟೆಗೆ.

ಇವರು ತಲೆಯೆತ್ತಿದರು. "ನಿನಗ ಯಾರ್ ಹೇಳಿದ್ರು?"

"ಯಾರ್ ಹೇಳ್ತಾರ? ಸುಮ್ನ ಅಂದೆ."

"ಅಂಥಾ ಮಷೀನ್ ಅದಾವ. ಒಳಗೊಂದು ವಾಲ್ವ್ ತಿರುಗಿದ್ರ ಸಾಕು, ಬ್ಯಾಸಿಗ್ಯಾಗ ತಂಪು, ಚಳಿಗಾಲ್ದಾಗ ಬಿಸಿ." ಅದನ್ನು ನಾನು ಕಂಡುಹಿಡಿದೆನೇನೋ ಎಂದು ಒಂದು ಗಳಿಗೆ ಬೀಗಿದೆ. ಅದು ಎಂದೋ ಎಲ್ಲರಿಗೂ ಗೊತ್ತಿದ್ದ ಸಂಗತಿಯಂತೆ.

ಆದರೂ ಒಂದು ತಿಂಗಳು ಚರ್ಚೆ ನಡೆಯಿತು. ಮೊದಲು ಟೈ ಕಟ್ಟಿದ ಸೇಲ್ಸ್‌ಮನ್ ಒಬ್ಬ ಬಂದು ನೆಲದಡಿ ಪೂರ್ತಿ ಬಿಸಿನೀರಿನ ಪೈಪು ಹಾಸುವ ಯೋಜನೆ ತೋರಿಸಿದ. ಬೆಲೆ ಕೇಳಿದ ಕಫೀಲ್, ಇಷ್ಟು ದುಡ್ಡಿಗೆ ಪ್ರತಿ ಚಳಿಗಾಲ ನನ್ನ ತಾಯಿಯನ್ನು ಮುಂಬಯಿಯ ದೊಡ್ಡ ಹೋಟೆಲಿನಲ್ಲಿ ಇಡುತ್ತೇನೆ ಎಂದು ಅವನನ್ನು ಕಳಿಸಿದ. ಡೀಸೆಲ್ ಬಾಯ್ಲರನ್ನು ಮಗಳು ಹೊಸಿಲು ದಾಟಲು ಬಿಡಲಿಲ್ಲ. ಕಫೀಲನಿಗೆ ಮನಸ್ಸಿದ್ದದ್ದು ಜಮೀಯಾದಲ್ಲಿ, ಅಂದರೆ ಬಡಾವಣೆಯ ಸಹಕಾರಿ ಅಂಗಡಿಯಲ್ಲಿ, ಸಾಲಾಗಿ ನಿಲ್ಲಿಸಿರುತ್ತಿದ್ದ ಗಾಲಿಯ ಎಣ್ಣೆ ಹೀಟರುಗಳ ಮೇಲೆ. ಕೋಣೆಗೊಂದು ತಳ್ಳಿದರೆ ಮುಗಿಯಿತು. ಅವು ಕರೆಂಟು ಕುಡಿಯುವ ರೀತಿ ನೋಡಿದರೆ ನಾನು ಓದಿದ್ದೆಲ್ಲ ದಂಡ ಎಂದು ಮಗಳು ಊಟ ಬಿಟ್ಟಳು. ಕೊನೆಗೆ ಇವರು ಹೇಳಿದ ಮಷೀನಿಗೆ ಎಲ್ಲರೂ ಬಂದರು. ಏಸಿ ಹೇಗೂ ಹಾಕಬೇಕು, ತಿರುಗುವ ವಾಲ್ವಿರುವುದನ್ನೇ ಹಾಕಿದರೆ ಖರ್ಚು ಸ್ವಲ್ಪವೇ ಹೆಚ್ಚು. ಬಿಸಿ ಹೊರಗೆ ಸೋರದ ಮನೆ, ಸಣ್ಣ ಮಷೀನೇ ಸಾಕು. "ಯಲ್ಲಾ, ಖಲಾಸ್" ಎಂದ ಕಫೀಲ್.

ಎಲ್ಲರೂ ಅಂದರೆ ಚಳಿಯಾಗದವರೆಲ್ಲ. ಚಳಿಯಾಗುತ್ತಿದ್ದದ್ದು ಆ ಮನೆಯಲ್ಲಿ ಒಬ್ಬರಿಗೇ, ಕಫೀಲನ ತಾಯಿಗೆ. ಆಕೆಯನ್ನು ಯಾರೂ ಕೇಳಿರಲಿಲ್ಲ.

ಹಜ್ ಮಾಡಿ ಬಂದವಳೆಂದು ಆಕೆಯನ್ನು ಎಲ್ಲರೂ ಹಜ್ಜಿಯಾ ಎನ್ನುತ್ತಿದ್ದರು. ತನ್ನ ಹೊಸ ಕೋಣೆಯಲ್ಲಿ ಏನೇನು ಇಡುತ್ತಿದ್ದಾರೆ ಎಂದು ತಿಳಿಯುವ ತನಕ ಹಳೆಯ ಮನೆ ಬಿಡುವುದಿಲ್ಲ ಎಂದು ಆಕೆ ಕೂತಾಗ, ಕಫೀಲ್ ಇವರಿಗೆ ಹೇಳಿದ: "ನಿನ್ನ ಮೇಡಮ್ಮನ್ನು ಕರೆದುಕೊಂಡು ಬಾ. ನನ್ನ ತಾಯಿಗೆ ಹಿಂದಿ ಬರುತ್ತದೆ. ಹೆಂಗಸರು ಮಾತಾಡಿಕೊಳ್ಳಲಿ."

ನಾನು ನಂಬಿರಲಿಲ್ಲ. ಹೋದರೆ, ನೆಲದ ಮೇಲೆ ಹಾಸಿದ ಜಮಖಾನದಲ್ಲಿ ದಿಂಬಿಗೊರಗಿ ಕೂತಿದ್ದ ಆ ಮುದುಕಿ, "ಆವ್ ಆವ್, ಇಧರ್ ಬೈಠ್" ಎಂದು ಪಕ್ಕದ ಜಾಗ ತಟ್ಟಿದಳು. ಆಕೆಯ ತಂದೆ ಖರ್ಜೂರದ ವ್ಯಾಪಾರಕ್ಕೆ ಮುಂಬಯಿಯಲ್ಲಿದ್ದಾಗ ಅಲ್ಲೇ ಬಾಲ್ಯ ಕಳೆದವಳು. ಆಗಿನ ಮುಂಬಯಿಯ ಹಿಂದಿ ಹಾಗೇ ನಾಲಗೆಯಲ್ಲಿ ಉಳಿದಿತ್ತು, ಬೈಗುಳದ ಸಮೇತ. ನನ್ನ ಹುಬ್ಬಳ್ಳಿ ಹಿಂದಿಗೆ ಅದು ಅಚ್ಚುಕಟ್ಟಾಗಿ ಹೊಂದಿಕೊಂಡಿತು.

"ನಿನ್ನ ಗಂಡ ಏನು ಕೆಲಸ ಮಾಡ್ತಾನೆ?" ಎಂದಳು ಹಿಂದಿಯಲ್ಲಿ.

"ಏಸಿ ಕೆಲಸ. ತಂಪು ಮಾಡ್ತಾರೆ."

"ಮತ್ತೆ ಬಿಸಿ ಬಗ್ಗೆ ಅವನಿಗೇನು ಗೊತ್ತು?"

ಆಕೆಯ ಎದುರಿಗೆ ತಗ್ಗಾದ ಲೋಹದ ಅಗ್ಗಿಷ್ಟಿಕೆ. ದುವ್ವಾ ಎನ್ನುತ್ತಾರೆ. ಕೆಂಡದ ಅಂಚಿಗೆ ಚಹಾದ ಕೆಟಲು, ಇನ್ನೊಂದರಲ್ಲಿ ಶುಂಠಿ ಹಾಕಿದ ಹಾಲು. ಹಳೆಯ ಕಿಟಕಿಗಳು ಗಾಳಿಗೆ ಗಡಗಡ ಎನ್ನುತ್ತಿದ್ದವು, ಪರದೆ ಉಬ್ಬಿ ಉಬ್ಬಿ ಬೀಳುತ್ತಿತ್ತು. ಮುಂದಿನಿಂದ ಬೇಯುತ್ತ, ಹಿಂದಿನಿಂದ ನಡುಗುತ್ತ ನಾವಿಬ್ಬರೂ ಮನೆಗೆಲಸದಾಕೆಯೂ ಚಹಾ ಕುಡಿದೆವು. ಕೆಲಸದಾಕೆ ಕಡಪ ಕಡೆಯವಳು. ಆ ಮನೆಯಲ್ಲಿ ಹಜ್ಜಿಯಾಳನ್ನು ಗದರಿಸುವ ಹಕ್ಕಿದ್ದವಳು ಅವಳೊಬ್ಬಳೇ. ಮುದುಕಿ ಕಾಲು ಚಾಚುವುದು, ಅಂಗೈ ಕಾಯಿಸುವುದು, ಕೆಂಡ ಕೆದಕುವುದು, ಯಾರದೋ ಸೊಸೆಯ ಮಾನ ಕಳೆಯುವುದು, ಎಲ್ಲ ಆ ದುವ್ವಾದ ಸುತ್ತಲೇ.

ಕಾರಿನಲ್ಲಿ ಬರುತ್ತ ಇವರಿಗೆ ಹೇಳಿದೆ: "ಆಕಿಗೆ ಬೇಕಾಗಿದ್ದು ಬೆಚ್ಚಗಿನ ಮನಿ ಅಲ್ರೀ. ಕುಂಡ್ರಾಕ ಬೆಚ್ಚಗಿನ ಜಾಗ."

"ಮನಿ ಪೂರಾ ಬೆಚ್ಚಗಾದ್ರ ಜಾಗಾನೂ ಬೆಚ್ಚಗಾಗೂದಿಲ್ಲೇನು?"

ಲೆಕ್ಕ ಸರಿಯಾಗಿಯೇ ಇತ್ತು.

ಚಳಿಗಾಲದ ಹೊತ್ತಿಗೆ ಅವರು ಹೊಸ ಮನೆಗೆ ಬಂದರು. ಮಷೀನು ಇವರು ಹೇಳಿದಂತೆಯೇ ನಡೆಯಿತು. ಹೊರಗೆ ಕಿವಿ ಕಚ್ಚುವ ಗಾಳಿ, ಒಳಗೆ ಅಂಗಿ ಸಾಕೆನ್ನುವ ಹವೆ. ಮಗಳು ಥರ್ಮಾಮೀಟರ್ ಹಿಡಿದು ಕೋಣೆ ಕೋಣೆ ಸುತ್ತಿದಳು. ಕಫೀಲ್ ಇವರ ಬೆನ್ನು ತಟ್ಟಿದ. ಮೂರನೆಯ ದಿನ ಹಜ್ಜಿಯಾ ನನಗೆ ಫೋನು ಮಾಡಿಸಿದಳು.

"ನಿನ್ನ ಗಂಡ ನನ್ನ ತಲೆ ಮೇಲೆ ಜೂನ್ ತಿಂಗಳು ಬಿಟ್ಟಿದ್ದಾನೆ" ಎಂದಳು. "ಛಾವಣಿಯಿಂದ ಬಿಸಿಗಾಳಿ ಬೀಸುತ್ತದೆ. ನೆತ್ತಿ ಒಣಗುತ್ತದೆ. ಕಾಲು ಮಂಜುಗಡ್ಡೆ. ಜೀವಮಾನವಿಡೀ ಬಿಸಿಗಾಳಿ ಕುಡಿದಿದ್ದೇನೆ, ಈಗ ದುಡ್ಡು ಕೊಟ್ಟು ಕುಡಿಯಬೇಕಾ?"

ಇವರಿಗೆ ಹೇಳಿದೆ. ಗಾಳಿಯ ದಿಕ್ಕು ತಿರುಗಿಸಿ ಬಂದರು. ಬಿಸಿಗಾಳಿ ಮೇಲಕ್ಕೇ ಏರುತ್ತದೆ, ಅಮೃತಶಿಲೆ ತಣ್ಣಗೇ ಇರುತ್ತದೆ. ಅದಕ್ಕೆ ವಾಲ್ವಿನ ಹತ್ತಿರ ಉಪಾಯವಿರಲಿಲ್ಲ. ಸೋಫಾ ಮೇಲೆ ಕೂತರೆ ಅಷ್ಟೊಂದು ತಿಳಿಯುವುದಿಲ್ಲ ಎಂದು ಇವರೆಂದರು. ಹಜ್ಜಿಯಾ ಸೋಫಾ ಮೇಲೆ ಕೂರುವವಳಾಗಿರಲಿಲ್ಲ. ಸೋಫಾ ಇರುವುದು ಡಾಕ್ಟರ ಮನೆಯಲ್ಲಿ ಕಾಯುವುದಕ್ಕೆ ಎಂಬುದು ಆಕೆಯ ಮತ.

ಗೃಹಪ್ರವೇಶದ ಊಟಕ್ಕೆ ಒಂದು ಶುಕ್ರವಾರ ನಮ್ಮನ್ನೂ ಕರೆದರು. ನಾವು ಮಾಂಸ ತಿನ್ನುವುದಿಲ್ಲವೆಂದು ಬೇರೆ ಅನ್ನ ಮಾಡಿಸಿದ್ದರು. ಅದರಲ್ಲಿ ಕುರಿ ಇರಲಿಲ್ಲ, ಕುರಿ ಎದ್ದುಹೋದ ಗುರುತಿತ್ತು. ಗಂಡಸರು ಕೆಳಗೆ ದಿವಾನಿಯಾದಲ್ಲಿ, ಬೈಠಕ್ಕಿನ ಕೋಣೆಯಲ್ಲಿ, ಉಂಡು ಕೂತರು. ಹಜ್ಜಿಯಾ ಕಣ್ಸನ್ನೆ ಮಾಡಿ ನನ್ನನ್ನು ಮೇಲಿನ ತನ್ನ ಕೋಣೆಗೆ ಕರೆದೊಯ್ದು ಬಾಗಿಲು ಹಾಕಿದಳು. ಪರದೆಯ ಹಿಂದಿನಿಂದ ದುವ್ವಾ ಹೊರಬಂತು. ಸ್ವಲ್ಪ ಹೊತ್ತಿಗೆ ಕಡಪದಾಕೆ ಹಿತ್ತಲ ಅಡುಗೆಮನೆಯಿಂದ ಕೆಂಡ ತಂದಳು, ಲಿಫ್ಟಿನಲ್ಲಿ. ಅಷ್ಟು ದುಬಾರಿ ಲಿಫ್ಟು ಸಾರ್ಥಕವಾಗಿ ಏನನ್ನಾದರೂ ಹೊತ್ತದ್ದನ್ನು ನಾನು ನೋಡಿದ್ದು ಆಗಲೇ.

ಶುಂಠಿ ಹಾಲು ಬಂತು. ಮಾತು ಬಂತು. ಕಿಟಕಿ ಗಡಗಡ ಎನ್ನಲಿಲ್ಲ, ಪರದೆ ಅಲುಗಲಿಲ್ಲ. ಬೆನ್ನಿಗೂ ಚಳಿಯಿಲ್ಲ. ಎಷ್ಟು ಹಾಯಾಗಿದೆ ಎಂದುಕೊಂಡೆ. ಆಮೇಲೆ ತಲೆನೋವು ಶುರುವಾಯಿತು. ನೆಂಟರ ಹೆಂಗಸರ ಅತ್ತರಿನದಿರಬೇಕು ಎಂದುಕೊಂಡೆ. ಹಜ್ಜಿಯಾ ಹೇಳುತ್ತಿದ್ದ ಕತೆ ಅರ್ಧಕ್ಕೆ ನಿಂತು ಮತ್ತೆ ಮೊದಲಿನಿಂದ ಶುರುವಾಯಿತು. ಕಡಪದಾಕೆ ಕೆಟಲು ತೆಗೆದುಕೊಳ್ಳಲು ಎದ್ದಳು, ಕೂತಳು, ಮತ್ತೆ ಎದ್ದಳು, ಹಾಗೇ ಪಕ್ಕಕ್ಕೆ ವಾಲಿ ಬಿದ್ದಳು.

ಮರಳುಗಾಡಿನ ಟೆಂಟಿನಲ್ಲಿ ಕೆಂಡ ಇಟ್ಟುಕೊಂಡು ಮಲಗಿದವರು ಅದರ ವಿಷಗಾಳಿಗೆ ಬೆಳಿಗ್ಗೆ ಏಳದ ಕತೆಗಳನ್ನು ಇವರು ಪ್ರತಿ ಚಳಿಗಾಲವೂ ನನಗೆ ಹೇಳುತ್ತಿದ್ದರು, ಹೀಟರ್ ತರದಿರುವುದಕ್ಕೆ ಅದೂ ಒಂದು ನೆಪ. ಅದು ಈಗ ತಲೆಗೆ ಹೊಳೆಯಿತು. ಕಿಟಕಿಗೆ ಹೋದೆ. ಹಿಡಿಕೆಗೆ ಬೀಗ. ಹೊರಗಿನ ಬಣ್ಣದ ಕೆಲಸ ಮುಗಿಯುವ ತನಕ ಯಾರೂ ತೆರೆಯಬಾರದೆಂದು ಕೀಲಿ ಕಫೀಲನ ಕಿಸೆಯಲ್ಲಿತ್ತು. ಕಾಲು ನನ್ನದಲ್ಲ ಎನ್ನುವಂತಾಗಿತ್ತು. ಗೋಡೆ ಹಿಡಿದು ಬಾಗಿಲಿಗೆ ಬಂದು, ರಬ್ಬರು ಕಚ್ಚಿಕೊಂಡಿದ್ದ ಅದನ್ನು ಎರಡೂ ಕೈಯಿಂದ ಎಳೆದು ತೆರೆದು, ಇದ್ದಷ್ಟು ದನಿಯಲ್ಲಿ ಕೂಗಿದೆ: "ಏನ್ರೀ! ಲಗೂನ ಬರ್ರೀ!"

ದಿವಾನಿಯಾದಲ್ಲಿ ಕೂತ ಅಷ್ಟೂ ಗಂಡಸರಿಗೆ ಅದು ಕೇಳಿಸಿತು. ಅರ್ಥವಾದದ್ದು ಒಬ್ಬರಿಗೆ. ಇವರು ಮೆಟ್ಟಿಲು ಹಾರುತ್ತ ಬಂದು, ಪರರ ಮನೆಯ ಹೆಂಗಸರ ಕೋಣೆ ಎಂಬುದನ್ನೂ ನೋಡದೆ ನುಗ್ಗಿ, ಹೊಸ ಪರದೆಯನ್ನು ಸರಕ್ಕನೆ ಕಿತ್ತು ಅದರಲ್ಲಿ ದುವ್ವಾ ಹಿಡಿದು ಹೊರಗೆ ಓಡಿದರು. ದಾರಿಯುದ್ದಕ್ಕೂ ಇಟಲಿಯ ಅಮೃತಶಿಲೆಯ ಮೇಲೆ ಕೆಂಡ ಉದುರಿತು. ಹಿಂದೆಯೇ ಬಂದ ಕಫೀಲ್ ಮೊದಲು "ನನ್ನ ಕಲ್ಲು!" ಎಂದ, ಆಮೇಲೆ "ನನ್ನ ಅಮ್ಮ!" ಎಂದ. ಆ ಕ್ರಮವನ್ನು ಹಜ್ಜಿಯಾ ಎಂದೂ ಮರೆಯಲಿಲ್ಲ. ಮಗಳು ಅಜ್ಜಿಯನ್ನು ಅಪ್ಪಿ ಎಳೆದಳು, ಕಫೀಲನೂ ಇವರೂ ಸೇರಿ ಕಡಪದಾಕೆಯನ್ನು ಹೊತ್ತು ಅಂಗಳಕ್ಕೆ ತಂದರು. ಅಷ್ಟರಲ್ಲೂ ಮುದುಕಿ, ನನ್ನ ದುವ್ವಾ ಎಲ್ಲಿಟ್ಟೆ ಕಳ್ಳಾ ಎಂದು ನನ್ನ ಗಂಡನನ್ನು ಮುಂಬಯಿ ಹಿಂದಿಯಲ್ಲಿ ಬೈಯುತ್ತಲೇ ಇದ್ದಳು. ಬೈಗುಳ ಸ್ಪಷ್ಟವಾಗಿರುವುದನ್ನು ಕೇಳಿ ನನಗೆ ಧೈರ್ಯ ಬಂತು.

ಆಸ್ಪತ್ರೆಯಲ್ಲಿ ಮೂವರ ಮೂಗಿಗೂ ಆಮ್ಲಜನಕದ ಮಾಸ್ಕು ಹಾಕಿದರು. ಕಡಪದಾಕೆ ಕಣ್ಣು ಬಿಟ್ಟು, ತೆಲುಗಿನಲ್ಲಿ, ಹಾಲು ಉಕ್ಕುತ್ತದೆ ಎಂದಾಗ ನಾನು ಅತ್ತುಬಿಟ್ಟೆ. ಇವರು ನನ್ನ ಮಂಚದ ಪಕ್ಕ ನಿಂತು ನನ್ನ ಕಾಲ್ಬೆರಳು ಹಿಡಿದುಕೊಂಡಿದ್ದರು. ಮದುವೆಯಾದ ಮೇಲೆ ಅವರು ಲೆಕ್ಕ ಹಾಕದೆ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮರುದಿನ ಮನೆಯವರೆಲ್ಲ ಕೂತು ತೀರ್ಮಾನಕ್ಕೆ ಇವರನ್ನೂ ನನ್ನನ್ನೂ ಕರೆದರು. ಕಫೀಲ್ ಸರದಿ ಪ್ರಕಾರ ಎಲ್ಲರನ್ನೂ ದೂರಿದ: ಮನೆಯನ್ನು ಡಬ್ಬಿ ಮಾಡಿದ ಮಗಳನ್ನು, ಕಾಲಿಗೆ ಬಿಸಿ ತಲುಪಿಸದ ಇವರನ್ನು. ಕಡೆಗೆ ಕಡಪದಾಕೆಯ ಕಡೆ ತಿರುಗಿ, ಕೆಂಡ ತಂದವಳು ಇವಳು, ಇವಳ ಇಕಾಮಾ ರದ್ದು ಮಾಡಿ ಊರಿಗೆ ಕಳಿಸುತ್ತೇನೆ ಎಂದ. ಅವಳು ಬಿಳಿಚಿಕೊಂಡಳು. ವಾಸದ ಆ ಪರವಾನಗಿ ಹೋಯಿತೆಂದರೆ ಅವಳ ಅನ್ನ ಹೋಯಿತು.

ಹಜ್ಜಿಯಾ ಅರಬ್ಬಿಯಲ್ಲಿ ಏನೋ ಎಂದಳು. ಆಮೇಲೆ ನನಗೆ ತಿಳಿಯಲೆಂದು ಹಿಂದಿಯಲ್ಲೂ ಹೇಳಿದಳು: "ಹಾಗಾದರೆ ನನ್ನ ಇಕಾಮಾನೂ ರದ್ದು ಮಾಡು ಅಂದೆ."

"ಅಮ್ಮಾ, ನಿನಗೆ ಇಕಾಮಾ ಎಲ್ಲಿದೆ? ನೀನು ಕುವೈತಿ."

"ಇಲ್ಲದಿದ್ದರೆ ಮಾಡಿಸು. ಮಾಡಿಸಿ ರದ್ದು ಮಾಡು. ನಾವಿಬ್ಬರೂ ಹಳೆಯ ಮನೆಗೆ ಹೋಗುತ್ತೇವೆ. ಅಲ್ಲಿ ಗಾಳಿ ಹೇಳದೆ ಕೇಳದೆ ಒಳಗೆ ಬರುತ್ತಿತ್ತು. ಇಲ್ಲಿ ಗಾಳಿಯೂ ಬೆಲ್ಲು ಒತ್ತಬೇಕು."

ಅಷ್ಟು ಹೊತ್ತೂ ತಲೆ ತಗ್ಗಿಸಿ ಅಳುತ್ತಿದ್ದ ಮಗಳು ಎದ್ದು ಬಂದು ಅಜ್ಜಿಯ ಪಕ್ಕ ನೆಲದ ಮೇಲೆ ಕೂತಳು. ಆ ತಣ್ಣನೆಯ ಕಲ್ಲಿನ ಮೇಲೆ ಅವಳು ಕೂತದ್ದು ಬಹುಶಃ ಆಗಲೇ ಮೊದಲು. ಕೂತ ಕೂಡಲೇ ಮುಖ ಬದಲಾಯಿತು. ಅಜ್ಜಿಯನ್ನು ಏನೋ ಕೇಳಿದಳು, ಮುದುಕಿ ಕೈಯಲ್ಲಿ ನೆಲ ತಟ್ಟಿ ತಟ್ಟಿ ಉತ್ತರ ಹೇಳಿದಳು. ಮಗಳು ನಮಗೆ ಇಂಗ್ಲಿಷಿನಲ್ಲಿ ತಿಳಿಸಿದಳು: ಕಾವು ಕೆಳಗಿನಿಂದ ಬರಬೇಕಂತೆ. ಕೂತಲ್ಲೇ ಬರಬೇಕಂತೆ. ಬೇಡವೆಂದರೆ ಅಷ್ಟು ದೂರ ಸರಿದು ಕೂರುವಂತಿರಬೇಕಂತೆ.

ಇವರು ನನ್ನ ಮುಖ ನೋಡಿದರು. ನಾನು ಛಾವಣಿ ನೋಡಿದೆ.

ಮಗಳು ತಾನು ಓದಿದ ಊರಿನಿಂದ ಒಂದು ತೆಳ್ಳನೆಯ ಚಾಪೆ ತರಿಸಿದಳು, ಒಳಗೆ ಕರೆಂಟಿನ ತಂತಿ ಹೆಣೆದದ್ದು, ಜಮಖಾನದ ಕೆಳಗೆ ಹಾಸುವಂಥದ್ದು. ನಾಲ್ಕು ಜನ ಕೂರುವಷ್ಟು ಅಗಲ. ಇಡೀ ಮನೆಯ ನೆಲಕ್ಕೆ ಪೈಪು ಹಾಸುವುದರ ಮುಂದೆ ಅದರ ಬೆಲೆ ಏನೂ ಅಲ್ಲ. ಆದರೆ ಈ ಸಲ ಪರೀಕ್ಷೆ ಮಾಡದೆ ಆ ಮನೆಗೆ ಒಯ್ಯುವುದಿಲ್ಲ ಎಂದು ಇವರು ಅದನ್ನು ನಮ್ಮ ಫ್ಲಾಟಿನ ಹಾಲಿನಲ್ಲಿ ಹಾಸಿದರು. ಕೂತು ನೋಡಿದರು, ಮಲಗಿ ನೋಡಿದರು, ಎರಡು ಜಮಖಾನ ಹೊದಿಸಿ ಕೈಯಿಟ್ಟು ನೋಡಿದರು, ನೀರು ಚೆಲ್ಲಿ ನೋಡಿದರು. ಅವರು ಆಫೀಸಿಗೆ ಹೋದ ಮೇಲೆ ನಾನೂ ಒಂದು ಪರೀಕ್ಷೆ ಮಾಡಿದೆ. ಕುವೈತಿನ ಚಳಿಗಾಲದಲ್ಲಿ ನನ್ನ ದೋಸೆ ಹಿಟ್ಟು ಎಂದೂ ಹುದುಗು ಬಂದದ್ದಿಲ್ಲ. ಪಾತ್ರೆಯನ್ನು ಚಾಪೆಯ ಮೂಲೆಗಿಟ್ಟೆ. ಇವರು ಸಂಜೆ ಬಂದು ನೋಡಿದರೆ ಹಿಟ್ಟು ಮುಚ್ಚಳ ತಳ್ಳಿಕೊಂಡು ಜಮಖಾನಕ್ಕೆ ಇಳಿದಿತ್ತು.

"ಇದೇನ ಇದು?"

"ಪಾಸಾತ್ರೀ ನಿಮ್ಮ ಚಾಪಿ" ಎಂದೆ.

"ಇಟ್ಸ್ ಡಿಸ್ಗಸ್ಟಿಂಗ್" ಎಂದಳು ನಮ್ಮ ಮಗಳು. ಬೆಳಿಗ್ಗೆ ಮಾತ್ರ ದೋಸೆ ಮೇಲೆ ದೋಸೆ ಕೇಳಿದಳು. ಚಾಪೆಯನ್ನು ಮರಳಿ ಕೊಡುವುದು ನಮಗೆ ಯಾರಿಗೂ ಇಷ್ಟವಿರಲಿಲ್ಲ.

ಹಜ್ಜಿಯಾಳ ಕೋಣೆಯ ಮೂಲೆಯಲ್ಲಿ ಅದನ್ನು ಹಾಸಿದ ದಿನ ನಾವೆಲ್ಲ ಸುತ್ತ ನಿಂತಿದ್ದೆವು. ಕಿಟಕಿಯ ಬೀಗ ತೆಗೆಸಿ ಆಗಿತ್ತು. ದುವ್ವಾ ಅಂಗಳದಲ್ಲೇ ಇರಬೇಕು, ಚಹಾ ಮಾತ್ರ ಅದರ ಮೇಲೆ ಕಾದು ಮೇಲೆ ಬರಬೇಕು ಎಂಬ ಕರಾರಿಗೆ ಮುದುಕಿ ಗೊಣಗುತ್ತ ಒಪ್ಪಿದ್ದಳು. ಬಂದು ಕೂತಳು. ಮುಖದಲ್ಲಿ ಏನೂ ಕಾಣಲಿಲ್ಲ. ಇವರು ಇಂಜಿನಿಯರಿಂಗ್ ಪರೀಕ್ಷೆಯ ಫಲಿತಾಂಶಕ್ಕೂ ಹಾಗೆ ಕಾದಿರಲಾರರು. ಕಡೆಗೆ ಹಜ್ಜಿಯಾ ಬಾಗಿ ಒಂದು ಉಣ್ಣೆಯ ಕಾಲುಚೀಲ ತೆಗೆದಳು. ಇನ್ನೊಂದನ್ನೂ ತೆಗೆದಳು. ಬರಿಗಾಲು ಚಾಚಿ, ನನ್ನ ಗಂಡನ ಕಡೆ ನೋಡದೆಯೇ ನನಗೆ ಹೇಳಿದಳು: "ಅವನಿಗೂ ಚಹಾ ಕೊಡು."

ಕಡಪದಾಕೆ ಚಹಾ ತರಲು ಓಡಿದಳು. ಅವಳ ಇಕಾಮಾದ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಆಮೇಲೆ ಆದದ್ದನ್ನು ಯಾರೂ ಲೆಕ್ಕ ಹಾಕಿರಲಿಲ್ಲ. ಕಫೀಲ್ ತಾಯಿಯನ್ನು ಮಾತಾಡಿಸಲು ಬಂದವನು ಒಂದು ಗಳಿಗೆ ಅಲ್ಲಿ ಕೂತು, ಅಲ್ಲೇ ಒರಗಿ, ಗೊರಕೆ ಹೊಡೆದ. ಮಗಳು ತನ್ನ ಲ್ಯಾಪ್‌ಟಾಪನ್ನು ಅಲ್ಲಿಗೇ ತಂದಳು. ಅಷ್ಟು ದೊಡ್ಡ ಮನೆಯಲ್ಲಿ ಇದ್ದಬದ್ದವರೆಲ್ಲ ಚಾಪೆಯಷ್ಟು ಜಾಗದಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರತೊಡಗಿದರು. ಉಳಿದ ಕೋಣೆಗಳ ಬಿಸಿ ಮಷೀನುಗಳನ್ನು ಹಚ್ಚುವವರೇ ಇಲ್ಲ. ಕಫೀಲನ ಅಕ್ಕಂದಿರು ನೋಡಲು ಬಂದವರು ತಮಗೂ ಅಂಥ ಮೂಲೆ ಬೇಕೆಂದು ಫೋನಿನ ಮೇಲೆ ಫೋನು ಮಾಡಿದರು. ಚಳಿಗಾಲ ಮುಗಿಯುವುದರೊಳಗೆ ಇವರು ಆ ಬಳಗದಲ್ಲಿ "ಮೂಲೆ ಇಂಜಿನಿಯರ್" ಆಗಿಹೋದರು. ಅರಬ್ಬಿಯಲ್ಲಿ ಅದು ಕೇಳಲು ಇನ್ನೂ ಕೆಟ್ಟದಾಗಿತ್ತು.

ಬೇಸಿಗೆ ಬಂತು. ಜೂನಿನ ಒಂದು ಮಧ್ಯಾಹ್ನ ಹಜ್ಜಿಯಾಳನ್ನು ನೋಡಲು ಹೋದೆ. ಹೊರಗೆ ಚಪ್ಪಲಿ ಕರಗುವ ಬಿಸಿಲು. ಆಕೆಯ ಕೋಣೆಯಲ್ಲಿ ಏಸಿ ಗಡಗಡ ನಡುಗಿಸುವಷ್ಟು ಜೋರಾಗಿ ಓಡುತ್ತಿತ್ತು, ಮುದುಕಿ ಶಾಲು ಹೊದ್ದು ಮೂಲೆಯಲ್ಲಿ ಕೂತಿದ್ದಳು. ಪಕ್ಕಕ್ಕೆ ಕೂತೆ. ಕೆಳಗೆ ಚಾಪೆ ಬೆಚ್ಚಗಿತ್ತು.

"ಹಜ್ಜಿಯಾ, ಇದನ್ನ ಆರಿಸಿಲ್ವಾ?"

"ತಲೆಗೆ ತಂಪು, ಕಾಲಿಗೆ ಬಿಸಿ" ಎಂದಳು. "ಈಗ ಸರಿಯಾಗಿದೆ. ನಿನ್ನ ಗಂಡ ಕೆಲಸ ಕಲಿತ."

ಅಷ್ಟರಲ್ಲಿ, ಕರೆಂಟು ಪೋಲಾಗದ ಮನೆ ಕಟ್ಟಿದ ಮೊಮ್ಮಗಳು ಬಾಗಿಲಲ್ಲಿ ನಿಂತಳು. ಏಸಿ ನೋಡಿದಳು, ಚಾಪೆಯ ಕೆಂಪು ದೀಪ ನೋಡಿದಳು, ಅಜ್ಜಿಯ ಶಾಲು ನೋಡಿದಳು. ಅವಳ ಬಾಯಿ ತೆರೆಯಿತು. ಮುದುಕಿ ಸರಿದು ಪಕ್ಕದ ಜಾಗ ತಟ್ಟಿದಳು. ಹುಡುಗಿ ಉಸಿರು ಬಿಟ್ಟು, ಒಳಗೆ ಬಂದು, ರಬ್ಬರಿನ ಬಾಗಿಲನ್ನು ಭದ್ರವಾಗಿ ಹಾಕಿಕೊಂಡಳು.